ಕ್ಯಾಮೆರಾ ಕಲಿಯುವ ಮಕ್ಕಳಿಗೆ ಮೊದಲು ಸ್ಟಾಪ್ ಎಣಿಸುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಆ ದಿನ ಹತ್ತಿರ ಬಂತೆಂದರೆ ನಮ್ಮ ಭಾಗದ ಕಾಲೇಜುಗಳಲ್ಲಿ ಫೋಟೊ ಸ್ಪರ್ಧೆಗಳ ಮಾತು ಶುರುವಾಗುತ್ತದೆ. ಸ್ಪರ್ಧೆ ನಡೆಯಲಿ, ಬಹುಮಾನವನ್ನೂ ಕೊಡಲಿ. ಆದರೆ ಈಗಷ್ಟೇ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರ ಫೋನಿನಲ್ಲಿ ಓಡಾಡುತ್ತಿರುವ 'ಸೆಟ್ಟಿಂಗ್ ಚೀಟಿ' ಬಗ್ಗೆ ಒಂದು ಮಾತು ಹೇಳಲೇಬೇಕಿದೆ. ಬಿಸಿಲಿಗೆ ಇಷ್ಟು, ಮದುವೆ ಹಾಲ್‌ಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಮೂರು ಮೂರು ಅಂಕಿ ಬರೆದ ಚೀಟಿ ಅದು: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರ), ಶಟರ್ ಸ್ಪೀಡ್ (ಬೆಳಕು ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಇವುಗಳಲ್ಲಿ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವ ಒಂದೊಂದು ಹೆಜ್ಜೆಗೆ ಸ್ಟಾಪ್ ಎನ್ನುತ್ತಾರೆ. ಅದನ್ನು ಬಾಯಿಪಾಠ ಮಾಡಿದವರು ಬೀದರ್ ಕೋಟೆಗೆ ಹೋದಾಗ ಒಂದು ಫೋಟೊ ಸುಣ್ಣ ಬಳಿದಂತೆ ಬೆಳ್ಳಗೆ, ಇನ್ನೊಂದು ಇದ್ದಿಲಿನಂತೆ ಕಪ್ಪಗೆ ಬರುತ್ತದೆ. ಆಗ ತಪ್ಪು ಲೆನ್ಸ್‌ ಮೇಲೆ ಬೀಳುತ್ತದೆ. ತೊಗರಿ ಮಾರಿದ ದುಡ್ಡಿನಲ್ಲಿ ತಂದೆ ಇನ್ನೊಂದು ಲೆನ್ಸ್ ಕೊಡಿಸುತ್ತಾರೆ. ಫೋಟೊ ಮಾತ್ರ ಮೊದಲಿನಂತೆಯೇ ಬರುತ್ತದೆ.

ಚೀಟಿ ಯಾಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ ಹತ್ತು ನಿಮಿಷದಲ್ಲಿ ತೋರಿಸಬಹುದು. 1367ರಲ್ಲಿ ಕಟ್ಟಿದ ಈ ಮಸೀದಿಗೆ ನಡುವೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡದ ಮೇಲೆ ಚಾವಣಿಯಿದೆ. ಬೆಳಕು ಹೆಚ್ಚಾಗಿ ಪಕ್ಕದ ಕಮಾನುಗಳಿಂದಲೇ ಒಳಗೆ ಬರಬೇಕು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ತಂಪು ನೆರಳು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಸುತ್ತ ಸಿಗುವುದು ಕಷ್ಟ.

ಮೊದಲು ಹೊರಗೆ ನಿಲ್ಲಿ. ಮೋಡವಿಲ್ಲದ ಬಿಸಿಲಿಗೆ ಹಳೆಯ ಫಿಲ್ಮ್ ಕಾಲದ ಒಂದು ಲೆಕ್ಕವಿದೆ: ಅಪರ್ಚರ್ ಎಫ್ 16 ಇಟ್ಟರೆ ಶಟರ್ ಸ್ಪೀಡ್ ಐಎಸ್‌ಒ ಅಂಕಿಯಷ್ಟೇ ಇರಬೇಕು. ಅಂದರೆ ಐಎಸ್‌ಒ 100 ಇದ್ದರೆ ಸೆಕೆಂಡಿನ 1/100. ಈಗಿನ ಕ್ಯಾಮೆರಾಗಳಲ್ಲಿ ಎಫ್ 16ಕ್ಕೆ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ. ರಂಧ್ರ ತೀರಾ ಕಿರಿದಾದಾಗ ಬೆಳಕು ಅಂಚಿನಲ್ಲಿ ಹರಡುವುದೇ ಅದಕ್ಕೆ ಕಾರಣ. ಹಾಗಾಗಿ ಎಫ್ 8ಕ್ಕೆ ಬರೋಣ. ಎಫ್ 16ರಿಂದ 11, ಅಲ್ಲಿಂದ 8, ಒಟ್ಟು ಎರಡು ಸ್ಟಾಪ್ ಬೆಳಕು ಹೆಚ್ಚಾಯಿತು. ಅಷ್ಟನ್ನು ಶಟರ್‌ನಿಂದ ಕಳೆಯಬೇಕು: 1/100ರಿಂದ 1/200, ಅಲ್ಲಿಂದ 1/400. ಎಫ್ 8, 1/400, ಐಎಸ್‌ಒ 100. ಕೋಟೆ ಗೋಡೆ ಸರಿಯಾಗಿ ಬರುತ್ತದೆ.

ಇದೇ ಅಂಕಿ ಇಟ್ಟುಕೊಂಡು ಮಸೀದಿಯೊಳಗೆ ಕಾಲಿಟ್ಟು ಒಂದು ಫೋಟೊ ತೆಗೆಯಿರಿ. ಪೂರ್ತಿ ಕಪ್ಪು. ಹಗಲಿನ ಹೊತ್ತಿಗೆ ಒಳಗಿನ ಬೆಳಕು ಹೊರಗಿಗಿಂತ ಸುಮಾರು ಏಳು ಸ್ಟಾಪ್ ಕಡಿಮೆ ಎಂದಿಟ್ಟುಕೊಳ್ಳಿ. ಒಂದೊಂದು ಸ್ಟಾಪ್ ಎಂದರೆ ಅರ್ಧಕ್ಕರ್ಧ, ಏಳು ಸಲ ಅರ್ಧ ಮಾಡಿದರೆ 128ರಲ್ಲಿ ಒಂದು ಪಾಲು. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಕಣ್ಣು ಹೊಂದಿಕೊಂಡುಬಿಡುತ್ತದೆ. ಈಗ ಆ ಏಳು ಸ್ಟಾಪನ್ನು ವಾಪಸ್ ತರಬೇಕು. ಲೆನ್ಸಿನ ಝೂಮ್ ಉಂಗುರವನ್ನು ಅತಿ ಅಗಲ ಕಾಣುವ 18 ಮಿ.ಮೀ.ಗೆ ತಂದು ಅಪರ್ಚರ್ ಎಫ್ 4ಕ್ಕೆ ತೆರೆಯಿರಿ: ಎರಡು ಸ್ಟಾಪ್ ಬಂತು. ಶಟರ್ 1/50ಕ್ಕೆ ಇಳಿಸಿ: ಮೂರು ಬಂತು. ಐಎಸ್‌ಒ 400ಕ್ಕೆ ಏರಿಸಿ: ಇನ್ನೆರಡು. ಏಳಾಯಿತು. ಸಾಲುಗಂಬಗಳು, ಕಮಾನುಗಳು ಚಿತ್ರದಲ್ಲಿ ಮೂಡುತ್ತವೆ. ಮುಂದೆ ಮೋಡದ ದಿನ ಬಂದರೂ, ಸಂಜೆಯಾದರೂ ಈ ಎಣಿಕೆ ಬದಲಾಗದು. ಎಷ್ಟು ಕಳೆಯಿತು, ಎಲ್ಲಿಂದ ತರಬೇಕು, ತರುವಾಗ ಏನು ಬಿಟ್ಟುಕೊಡಬೇಕು, ಈ ಮೂರೇ ಪ್ರಶ್ನೆ.

ಅದೇ ಜಾಗದಲ್ಲಿ ನಿಂತು ಝೂಮ್ ಮಾಡಿದರೆ ಏನಾಗುತ್ತದೆ ಎಂಬುದನ್ನೂ ತೋರಿಸಬೇಕು. ಹೊಸಬರು ಎಡವುವುದು ಇಲ್ಲೇ. ಕ್ಯಾಮೆರಾ ಜೊತೆ ಬರುವ 18–55 ಲೆನ್ಸಿನ (ಕಿಟ್ ಲೆನ್ಸ್) ಮುಂಭಾಗದಲ್ಲಿ 1:3.5–5.6 ಎಂದು ಬರೆದಿರುತ್ತದೆ. 18ರಲ್ಲಿ ಅದು ಎಫ್ 3.5ರವರೆಗೆ ತೆರೆದುಕೊಳ್ಳುತ್ತದೆ, 55ಕ್ಕೆ ಹೋದರೆ ಎಫ್ 5.6 ದಾಟಿ ತೆರೆಯುವುದಿಲ್ಲ. ಎಫ್ 4 ಇಟ್ಟುಕೊಂಡು ಝೂಮ್ ತಿರುಗಿಸಿದರೆ ಅಂಕಿ ತಾನಾಗಿಯೇ 5.6ಕ್ಕೆ ಜಾರುತ್ತದೆ. ಅಂಕಿಗಳನ್ನೆಲ್ಲ ನಾವೇ ಇಡುವ ಮ್ಯಾನುಯಲ್ ಮೋಡ್‌ನಲ್ಲಿದ್ದರೆ ಚಿತ್ರ ಒಂದು ಸ್ಟಾಪ್ ಕಪ್ಪಾಗುತ್ತದೆ, ಹುಡುಗನಿಗೆ ಕಾರಣವೇ ತಿಳಿಯುವುದಿಲ್ಲ. ಅದರ ಮೇಲೆ, 55ರಲ್ಲಿ ಕೈ ನಡುಕ ದೊಡ್ಡದಾಗಿ ಕಾಣುತ್ತದೆ, 1/50 ಸಾಲದು, 1/100 ಬೇಕು. ಇನ್ನೊಂದು ಸ್ಟಾಪ್ ಹೋಯಿತು. ಎರಡನ್ನೂ ಐಎಸ್‌ಒದಿಂದಲೇ ತುಂಬಬೇಕು, 400 ಇದ್ದದ್ದು 1600ಕ್ಕೆ ಹೋಗುತ್ತದೆ. ನಿಂತ ಜಾಗ ಒಂದೇ, ಬೆಳಕು ಒಂದೇ, ಕೈ ತಿರುಗಿಸಿದ್ದು ಒಂದು ಉಂಗುರ ಮಾತ್ರ. ಇದು ಅರ್ಥವಾದ ಹುಡುಗಿಗೆ ಚೀಟಿ ಬೇಕಾಗುವುದಿಲ್ಲ.

ಅಪರ್ಚರ್ ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು ಎಂಬ ಮಾತು ಎಲ್ಲರನ್ನೂ ಗೊಂದಲಕ್ಕೆ ಬೀಳಿಸುತ್ತದೆ. ಬಾಯಿಪಾಠದ ಬದಲು ಭಾಗಾಕಾರ ಮಾಡಿಸಿ. ಎಫ್ ಅಂಕಿ ಎಂದರೆ ಲೆನ್ಸಿನ ಫೋಕಲ್ ಲೆಂತ್ ಅನ್ನು (18, 50 ಎಂದು ಮಿ.ಮೀ.ನಲ್ಲಿ ಹೇಳುವ ಅಳತೆ) ರಂಧ್ರದ ವ್ಯಾಸದಿಂದ ಭಾಗಿಸಿದ್ದು. 50 ಮಿ.ಮೀ. ಲೆನ್ಸಿಗೆ ಎಫ್ 2 ಎಂದರೆ 25 ಮಿ.ಮೀ. ರಂಧ್ರ, ಎಫ್ 4 ಎಂದರೆ 12.5 ಮಿ.ಮೀ. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ಅದಕ್ಕೇ 2ರಿಂದ 4ಕ್ಕೆ ಹೋಗುವುದು ಒಂದಲ್ಲ, ಎರಡು ಸ್ಟಾಪ್. ನಡುವೆ 2.8 ಇದೆ. 1.4, 2, 2.8, 4, 5.6, 8, 11, 16 – ಈ ಒಂದು ಸಾಲನ್ನು ಮಗ್ಗಿಯಂತೆ ಕಲಿತರೆ ಸಾಕು. ಇನ್ನೊಂದು ಮಾತು: ಹೆಚ್ಚಿನ ಕ್ಯಾಮೆರಾಗಳಲ್ಲಿ ಚಕ್ರ 'ಟಕ್' ಎಂದು ಮೂರು ಸಲ ತಿರುಗಿದರೆ ಒಂದು ಸ್ಟಾಪ್. ಕಣ್ಣು ವ್ಯೂಫೈಂಡರ್‌ನಲ್ಲಿದ್ದಾಗಲೂ ಬೆರಳಿಗೆ ಎಣಿಕೆ ಸಿಗುತ್ತದೆ.

ಲೆನ್ಸಿನ ಮುಖದ ಮೇಲೆ ಬರೆದದ್ದನ್ನು ಓದಿಸುವುದೂ ಪಾಠದ ಭಾಗವಾಗಬೇಕು. ಸೊನ್ನೆಗೆ ಅಡ್ಡಗೆರೆ ಎಳೆದ ಗುರುತಿನ ಪಕ್ಕದಲ್ಲಿ 55 ಅಥವಾ 58 ಎಂದಿದ್ದರೆ ಅದು ಫಿಲ್ಟರ್ ಕೂರುವ ಬಾಯಿಯ ಅಳತೆ. ಎಷ್ಟೋ ಜನ ಅದನ್ನೇ ಫೋಕಲ್ ಲೆಂತ್ ಎಂದು ತಿಳಿದು ಅಂಗಡಿಯಲ್ಲಿ ಕೇಳುತ್ತಾರೆ. ಇನ್ನು ಹೊಸಬರು ಕೊಳ್ಳುವ ಆರಂಭಿಕ ಮಟ್ಟದ ಕ್ಯಾಮೆರಾಗಳಲ್ಲಿ ಸೆನ್ಸರ್ (ಬೆಳಕು ಬಿದ್ದು ಚಿತ್ರ ಮೂಡುವ ಚಿಪ್) ಚಿಕ್ಕದು. ಹಾಗಾಗಿ ಫೋಕಲ್ ಲೆಂತ್ ಅನ್ನು ಕ್ಯಾನನ್‌ನಲ್ಲಿ 1.6, ನಿಕಾನ್, ಸೋನಿಗಳಲ್ಲಿ 1.5ರಿಂದ ಗುಣಿಸಬೇಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 75 ಅಥವಾ 80 ಮಿ.ಮೀ. ಲೆನ್ಸ್ ಎಷ್ಟು ಹತ್ತಿರ ತೋರಿಸುತ್ತದೋ, ಇವುಗಳಲ್ಲಿ 50 ಅಷ್ಟು ತೋರಿಸುತ್ತದೆ.

ಇದರ ಪರಿಣಾಮ ಮನೆಯೊಳಗೆ ಗೊತ್ತಾಗುತ್ತದೆ. ಎಲ್ಲರೂ ಹೇಳಿದರೆಂದು ಎಫ್ 1.8ರ 50 ಮಿ.ಮೀ. ಲೆನ್ಸ್ ಒಂದನ್ನೇ ಹಿಡಿದು ನಾಮಕರಣಕ್ಕೆ ಹೋದರೆ, 3 ಮೀಟರ್ ದೂರ ನಿಂತಾಗ ಅಡ್ಡ ಫ್ರೇಮಿನಲ್ಲಿ ಸಿಗುವುದು ಸುಮಾರು 1.4 ಮೀಟರ್ ಅಗಲ. ಒತ್ತಿ ನಿಂತ ಮೂರು ಜನ. ಹತ್ತು ಅಡಿ ಕೋಣೆಯಲ್ಲಿ ಇನ್ನೂ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಅದೇ ಜಾಗದಲ್ಲಿ 35 ಮಿ.ಮೀ.ಗೆ ಸುಮಾರು 2 ಮೀಟರ್, 18 ಮಿ.ಮೀ.ಗೆ 3.9 ಮೀಟರ್ ಅಗಲ ಸಿಗುತ್ತದೆ. ಲೆನ್ಸ್ ಕೊಳ್ಳುವ ಮುನ್ನ ನಿಮ್ಮ 18–55 ಲೆನ್ಸನ್ನೇ 50ರ ಗುರುತಿಗೆ ಇಟ್ಟು, ಅಂಟುಪಟ್ಟಿ ಹಚ್ಚಿ, ಒಂದು ವಾರ ಅದರಲ್ಲೇ ತೆಗೆಯಿರಿ. ಆಮೇಲೆ 35ಕ್ಕೆ ಇಟ್ಟು ಇನ್ನೊಂದು ವಾರ. ಯಾವುದು ನಿಮ್ಮ ಕೆಲಸಕ್ಕೆ ಒಗ್ಗುತ್ತದೆಂದು ಒಂದು ರೂಪಾಯಿ ಖರ್ಚಿಲ್ಲದೆ ತಿಳಿಯುತ್ತದೆ.

50 ಮಿ.ಮೀ. ಎಫ್ 1.8 ಒಳ್ಳೆಯ ಲೆನ್ಸೇ, ಅದರಲ್ಲಿ ಅನುಮಾನವಿಲ್ಲ. ಕಿಟ್ ಲೆನ್ಸಿನ ಎಫ್ 5.6ಕ್ಕೆ ಹೋಲಿಸಿದರೆ ಅದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಮೀಟರ್ ದೂರದ ಮುಖವನ್ನು ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವುದು ಹಿಂದೆ ಮುಂದೆ ಸೇರಿ ಎರಡೂವರೆ ಸೆಂಟಿಮೀಟರ್ ಮಾತ್ರ. ಹತ್ತಿರದ ಕಣ್ಣು ಚೂಪಾಗಿ, ದೂರದ ಕಣ್ಣು ಮಸುಕಾಗಿ ಬರುತ್ತದೆ. ನಡುವಿನ ಬಿಂದುವಿನಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ಓರೆ ಮಾಡಿದರೆ ಆ ಎರಡೂವರೆ ಸೆಂಟಿಮೀಟರೂ ಜಾರಿಹೋಗುತ್ತದೆ. ಫೋಕಸ್ ಬಿಂದುವನ್ನೇ ಕಣ್ಣಿನ ಮೇಲೆ ಸರಿಸಬೇಕು, ಅಪರ್ಚರನ್ನು 2.8 ಅಥವಾ 4ಕ್ಕೆ ತರಬೇಕು. ಇಬ್ಬರು ಅಕ್ಕಪಕ್ಕ ನಿಂತರೆ 4, ಎರಡು ಸಾಲಿನ ಗುಂಪಿಗೆ 8. ಎರಡು ಮೀಟರ್ ದೂರಕ್ಕೆ ಎಫ್ 8ರಲ್ಲಿ ಸ್ಪಷ್ಟತೆಯ ಆಳ ಸುಮಾರು ಅರ್ಧ ಮೀಟರ್ ಇರುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿ 18 ಮಿ.ಮೀ. ಇದೆ. ಎಫ್ 8 ಇಟ್ಟು ಎರಡು ಮೀಟರಿಗಿಂತ ತುಸು ಆಚೆ ಫೋಕಸ್ ಮಾಡಿದರೆ ಒಂದು ಮೀಟರ್ ಹತ್ತಿರದಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಯಾದಗಿರಿ ಕೋಟೆ ಬೆಟ್ಟ ಹತ್ತಿ ಮುಂದಿನ ಬಂಡೆ, ಕೆಳಗಿನ ಊರು ಎರಡನ್ನೂ ಹಿಡಿಯಲು ಇದೇ ದಾರಿ. ತೇರು ನೋಡಲು ನಿಂತ ಜನಜಂಗುಳಿಯೊಳಗೆ ಫೋಕಸ್ ಹುಡುಕಲು ಸಮಯವಿಲ್ಲದಾಗಲೂ ಇದು ಕೈ ಹಿಡಿಯುತ್ತದೆ.

ಬೀದರಿನ ಮಹಮೂದ್ ಗವಾನ್ ಮದರಸಾ ಮುಂದೆ ಇನ್ನೊಂದು ದೂರು ಕೇಳಿಬರುತ್ತದೆ: 'ಲೆನ್ಸ್ ಸರಿಯಿಲ್ಲ, ಮಿನಾರು ಹಿಂದಕ್ಕೆ ವಾಲುತ್ತದೆ.' 1472ರ ಈ ಕಟ್ಟಡದಲ್ಲಿ ಉಳಿದಿರುವ ಎತ್ತರದ ಮಿನಾರನ್ನು ಹತ್ತಿರ ನಿಂತು, ಕ್ಯಾಮೆರಾ ಮೇಲಕ್ಕೆತ್ತಿ ತೆಗೆದರೆ ಯಾವ ಲೆನ್ಸಿನಲ್ಲಾದರೂ ಗೆರೆಗಳು ಮೇಲೆ ಕೂಡಿಕೊಳ್ಳುತ್ತವೆ. ಸೆನ್ಸರ್ ಗೋಡೆಗೆ ಸಮನಾಗಿ ನೆಟ್ಟಗಿರಬೇಕು. ಹಿಂದೆ ಸರಿಯಿರಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ಮಟ್ಟವಾಗಿಡಿ, ಕೆಳಗೆ ಬಂದ ಹೆಚ್ಚುವರಿ ನೆಲವನ್ನು ಆಮೇಲೆ ಕತ್ತರಿಸಿ. ಮುಖದ ವಿಷಯವೂ ಹೀಗೇ. 18ರಲ್ಲಿ ಮೂಗು ದಪ್ಪ ಕಂಡರೆ ಅದು ಲೆನ್ಸಿನ ದೋಷವಲ್ಲ, ನೀವು ಅರ್ಧ ಮೀಟರ್ ದೂರದಲ್ಲಿ ನಿಂತಿದ್ದೀರಿ ಅಷ್ಟೇ. ಎರಡು ಮೀಟರ್ ಹಿಂದೆ ಬಂದು 55ಕ್ಕೆ ಝೂಮ್ ಮಾಡಿದರೆ ಮುಖ ಮುಖದಂತಿರುತ್ತದೆ.

ಈಗ ಬೆಳಕು ಅಳೆಯುವ ಮೀಟರ್ ವಿಷಯ. ಕ್ಯಾಮೆರಾದೊಳಗಿನ ಮೀಟರಿಗೆ ಎದುರಿಗಿರುವುದು ಕಪ್ಪೋ ಬಿಳುಪೋ ಗೊತ್ತಿಲ್ಲ. ಕಂಡದ್ದನ್ನೆಲ್ಲ ಮಧ್ಯಮ ಬೂದು ಮಾಡಲು ಹೊರಡುತ್ತದೆ. ಖ್ವಾಜಾ ಬಂದೇನವಾಜ್ ದರ್ಗಾದ ಬಿಳಿ ಗುಮ್ಮಟ ಫ್ರೇಮ್ ತುಂಬಿದರೆ ಅದು ಮಾಸಲು ಬೂದಾಗಿ ಬರುತ್ತದೆ, ಮೀಟರಿನ ಲೆಕ್ಕವನ್ನು ನಾವೇ ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದು ಸ್ಟಾಪ್ ಪ್ಲಸ್ ಮಾಡಬೇಕು. ಬಿದರಿ ಕಲೆಯ ಹೂಜಿಯನ್ನು ತೆಗೆದರೆ ಇದಕ್ಕೆ ತಿರುವುಮುರುವು.

ಬಿದರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಹುಡುಗರಿಗೆ ಕೆಲಸ ಸಿಗಬಹುದಾದ ಜಾಗ ಇದು, ಮಾರಾಟಕ್ಕೆ ಇಟ್ಟ ಫೋಟೊಗಳಲ್ಲಿ ಅತಿ ಹೆಚ್ಚು ಹಾಳಾಗುವುದೂ ಇದೇ. ಸತು ಮತ್ತು ತಾಮ್ರದ ಮಿಶ್ರಲೋಹ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಬಂದ ಮಂದ ಕಪ್ಪು, ಅದರೊಳಗೆ ಕೂರಿಸಿದ ಬೆಳ್ಳಿ ಎಳೆ. ಕಪ್ಪು ಬೆಳಕನ್ನು ನುಂಗುತ್ತದೆ, ಬೆಳ್ಳಿ ಕನ್ನಡಿಯಂತೆ ಹಿಂದಿರುಗಿಸುತ್ತದೆ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಕಪ್ಪನ್ನು ಬೂದು ಮಾಡಹೋಗಿ ಬೆಳ್ಳಿಯ ಹೂಬಳ್ಳಿಯನ್ನೆಲ್ಲ ಬರೀ ಬಿಳಿ ಮಚ್ಚೆ ಮಾಡಿಬಿಡುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಮೈನಸ್ ಮಾಡಿ, ಬೆಳಕು ಅತಿಯಾಗಿ ಬರೀ ಬಿಳಿಯಾದ ಜಾಗ ಪರದೆಯಲ್ಲಿ ಮಿನುಗುವ ಎಚ್ಚರಿಕೆಯನ್ನು ಮೆನುವಿನಲ್ಲಿ ಆನ್ ಮಾಡಿಕೊಂಡು, ಬೆಳ್ಳಿ ಮಿನುಗದ ಹಂತಕ್ಕೆ ತನ್ನಿ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಬೇಡವೇ ಬೇಡ. ಬಿಸಿಲು ನೇರ ಬೀಳದ ಕಿಟಕಿ ಪಕ್ಕ ಹೂಜಿ ಇಟ್ಟು, ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ, ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಬೆಳ್ಳಿಯಲ್ಲಿ ಈಗ ಕಾಣುವುದು ಆ ಬಿಳಿ ಬಟ್ಟೆಯ ಪ್ರತಿಬಿಂಬ, ಬಲ್ಬಿನ ಚುಕ್ಕೆಯಲ್ಲ. ತೆಗೆಯುವವರು ಬಿಳಿ ಅಂಗಿ ತೊಟ್ಟಿದ್ದರೆ ಅದೂ ಹೂಜಿಯ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ, ಕಪ್ಪು ಅಂಗಿ ಒಳ್ಳೆಯದು.

ದೂರದ ಲೆಕ್ಕವೂ ಇದೆ. ಕಿಟ್ ಲೆನ್ಸನ್ನು 55ಕ್ಕೆ ಇಟ್ಟು 30 ಸೆಂ.ಮೀ. ಹತ್ತಿರ ಹೋದರೆ ಎಫ್ 8ರಲ್ಲೂ ಸ್ಪಷ್ಟವಾಗುವುದು ಸುಮಾರು 8 ಮಿ.ಮೀ. ಮಾತ್ರ. ಹೂಜಿಯ ಹೊಟ್ಟೆ ಚೂಪು, ಕೊರಳು ಮಸುಕು. 60 ಸೆಂ.ಮೀ.ಗೆ ಹಿಂದೆ ಬಂದು ಎಫ್ 11 ಇಟ್ಟರೆ ಆಳ 4ರಿಂದ 5 ಸೆಂ.ಮೀ. ಸಿಗುತ್ತದೆ. ಸುತ್ತಲ ಜಾಗವನ್ನು ಆಮೇಲೆ ಕತ್ತರಿಸಬಹುದು, ಮಸುಕನ್ನು ಸರಿಪಡಿಸಲಾಗದು. ಶಟರ್ ಕಾಲು ಸೆಕೆಂಡಿಗೆ ಇಳಿದರೂ ಪರವಾಗಿಲ್ಲ, ಟ್ರೈಪಾಡ್ ಮೇಲೆ ಅಥವಾ ಗಟ್ಟಿ ಸ್ಟೂಲ್ ಮೇಲೆ ಕ್ಯಾಮೆರಾ ಇಟ್ಟು 2 ಸೆಕೆಂಡ್ ಟೈಮರ್ ಹಾಕಿ. ಐಎಸ್‌ಒ 100ರಲ್ಲೇ ಇರಲಿ.

ಮಸುಕಾದ ಫೋಟೊವನ್ನು ಅಳಿಸುವ ಮೊದಲು ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡುವ ಅಭ್ಯಾಸ ಆಗಬೇಕು. ಮಸುಕಿನಲ್ಲಿ ಮೂರು ಬಗೆ. ಚಿತ್ರದ ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಿನ್ನೆಲೆ ಸರಿಯಿದ್ದು ಕುಣಿಯುವವನ ಕೈ ಮಾತ್ರ ಕರಗಿದ್ದರೆ ಶಟರ್ ನಿಧಾನ. ಮುಖ ಮಸುಕಾಗಿ ಹಿಂದಿನ ಶಾಮಿಯಾನದ ಝಾಲರಿ ಸ್ಪಷ್ಟವಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಔಷಧಿ ಬೇರೆ ಬೇರೆ. ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ಮೊದಲನೆಯದಕ್ಕೆ ಮಾತ್ರ ನೆರವಾಗುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನತ್ತ ಎಸೆದ ಉತ್ತತ್ತಿ, ಬಾಳೆಹಣ್ಣು ಗಾಳಿಯಲ್ಲಿ ನಿಂತಂತೆ ಬರಬೇಕಾದರೆ 1/500 ಆದರೂ ಬೇಕು. ಸಂಜೆ ಬೆಳಕಿಗೆ ಐಎಸ್‌ಒ 1600, 3200 ಆದರೆ ಆಗಲಿ. ಸ್ವಲ್ಪ ಕಾಳುಕಾಳಾದ ಫೋಟೊವನ್ನು ಪತ್ರಿಕೆಯಲ್ಲಿ ಅಚ್ಚು ಮಾಡಬಹುದು, ಕರಗಿಹೋದ ಫೋಟೊವನ್ನು ಯಾರೂ ಅಚ್ಚು ಮಾಡುವುದಿಲ್ಲ. ಐಎಸ್‌ಒ ಭಯವನ್ನು ಮಕ್ಕಳ ತಲೆಯಿಂದ ತೆಗೆಯಬೇಕು.

ಎಲ್ಲ ಫೋಟೊ ಸರಿ ಬಂದರೂ ವ್ಯೂಫೈಂಡರ್‌ನಲ್ಲಿ ಮಂಜು ಕಂಡರೆ, ಅದರ ಪಕ್ಕದ ಪುಟ್ಟ ಚಕ್ರವನ್ನು ಒಳಗಿನ ಅಂಕಿಗಳು ಚೂಪಾಗುವವರೆಗೆ ತಿರುಗಿಸಿ. ಚೀಲದಲ್ಲಿ ಉಜ್ಜಿ ಅದು ಸರಿದಿರುತ್ತದೆ. ಲೆನ್ಸಿನ ಎಎಫ್–ಎಂಎಫ್ (ತಾನೇ ಫೋಕಸ್–ಕೈಯಿಂದ ಫೋಕಸ್) ಗುಂಡಿಯೂ ಹೀಗೆಯೇ ಸರಿದು, ಫೋಕಸ್ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಹೋಗುವವರಿದ್ದಾರೆ.

ಮದುವೆ ಹಾಲ್‌ನಲ್ಲಿ ಚಿತ್ರಕ್ಕೆ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಸೈಕಲ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/500 ಇಟ್ಟರೆ ಆ ಏರಿಳಿತ ಪಟ್ಟೆಯಾಗಿ ಸಿಕ್ಕಿಬೀಳುತ್ತದೆ, 1/100 ಅಥವಾ 1/50 ಇಟ್ಟರೆ ಬಹುಪಾಲು ಹೋಗುತ್ತದೆ. ಫ್ಲ್ಯಾಶ್ ಹಾಕಿದಾಗ ಕೆಳಭಾಗ ಪೂರ್ತಿ ಕಪ್ಪಾದರೆ ಶಟರ್ 1/200 ದಾಟಿದೆ ಎಂದರ್ಥ, ಆರಂಭಿಕ ಮಟ್ಟದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅದೇ ಮಿತಿ. ಹಾಲ್‌ನ ಬಿಳಿ ಚಾವಣಿಗೆ ಫ್ಲ್ಯಾಶ್ ಬಡಿಸಿದರೆ ಬೆಳಕು ಮೆತ್ತಗೆ ಇಳಿಯುತ್ತದೆ. ಕೆಂಪು ಶಾಮಿಯಾನಕ್ಕೆ ಬಡಿಸಿದರೆ ಮದುಮಗಳ ಮುಖವೂ ಕೆಂಪು. ಅಲ್ಲಿ ಫ್ಲ್ಯಾಶ್ ತಲೆಗೆ ಬಿಳಿ ಹಾಳೆಯೊಂದನ್ನು ರಬ್ಬರ್‌ಬ್ಯಾಂಡ್‌ನಿಂದ ಕಟ್ಟಿ ಮುಂದಕ್ಕೆ ಬಾಗಿಸುವುದೇ ಸರಿ.

ನಮ್ಮ ಬಿಸಿಲನ್ನು ಮರೆತು ಬರೆದ ಪಾಠಗಳು ಇಲ್ಲಿ ಅರ್ಧಂಬರ್ಧ. ಕ್ಯಾಮೆರಾಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಬಳಸಿ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಅದನ್ನು ದಾಟುತ್ತದೆ. ನಿಲ್ಲಿಸಿದ ಕಾರಿನೊಳಗಂತೂ ಇನ್ನೂ ಹೆಚ್ಚು. ಕ್ಯಾಮೆರಾವನ್ನು ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಸುತ್ತಿಕೊಳ್ಳಲು ಕಪ್ಪು ಬಟ್ಟೆ ಬೇಡ, ಬಿಳಿ ಟವೆಲ್ ಇರಲಿ. ಇನ್ನು ಸುರಪುರ ಬಳಿಯ ಬೋನಾಳ ಕೆರೆಗೆ ಹಕ್ಕಿ ತೆಗೆಯಲು ಹೋಗುವವರು ಬಿಸಿಲೇರಿದ ಮೇಲೆ 250 ಮಿ.ಮೀ. ಲೆನ್ಸ್ ಮೆತ್ತಗೆ ಎಂದು ದೂರುತ್ತಾರೆ. ಕಾದ ಎರೆ ನೆಲದ ಮೇಲೆ ಗಾಳಿ ಕುದಿಯುತ್ತಿರುತ್ತದೆ, ಆ ಅಲೆಗಳ ಮೂಲಕ ಯಾವ ಬೆಲೆಯ ಲೆನ್ಸ್ ನೋಡಿದರೂ ಹಕ್ಕಿಯ ಗರಿ ನಡುಗುತ್ತದೆ. ಸೂರ್ಯ ಹುಟ್ಟಿ ಒಂದೆರಡು ಗಂಟೆಯೊಳಗೆ ಕೆಲಸ ಮುಗಿಸಿ. ಕುಳಿತ ಹಕ್ಕಿಗೆ 1/500, ಹಾರುವ ಹಕ್ಕಿಗೆ 1/1000ಕ್ಕಿಂತ ಮೇಲೆ.

ದೂಳಿನ ಮಾತು. ಫರಸಿ ಕಲ್ಲಿನ ಗಣಿ ಕಡೆಯ ದೂಳು ಮೆತ್ತಗಿನ ಹಿಟ್ಟಲ್ಲ, ಗಾಜಿನ ಲೇಪನವನ್ನು ಗೀರಬಲ್ಲ ಗಟ್ಟಿ ಕಣಗಳೂ ಅದರಲ್ಲಿ ಇರಬಹುದು. ಅಂಗಿ ಚುಂಗು, ಸೆರಗು ಹಚ್ಚಿ ಒರೆಸಿದರೆ ಆ ಕಣಗಳನ್ನೇ ಉಜ್ಜಿದಂತೆ. ಮೊದಲು ರಬ್ಬರ್ ಬ್ಲೋವರ್, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಬೇಕಾದರೆ ಮಾತ್ರ ಮೈಕ್ರೋಫೈಬರ್ ಬಟ್ಟೆಗೆ ಒಂದು ಹನಿ ದ್ರಾವಣ ಹಾಕಿ ನಡುವಿನಿಂದ ಹೊರಕ್ಕೆ ಸುತ್ತಾಗಿ. ಬಾಯಿಂದ ಊದಿದರೆ ಉಗುಳು ಕೂರುತ್ತದೆ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ನೆಲಕ್ಕಿರಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಹಾಕಬೇಕಾದ ಲೆನ್ಸಿನ ಹಿಂಬದಿ ಮುಚ್ಚಳ ಮೊದಲೇ ಸಡಿಲಿಸಿಟ್ಟುಕೊಳ್ಳಿ. ಸೆನ್ಸರ್ ಮೇಲೆ ದೂಳು ಕೂತಿದೆಯೇ ನೋಡಲು ಎಫ್ 16 ಇಟ್ಟು ಖಾಲಿ ಆಕಾಶದ ಎರಡು ಫೋಟೊ ತೆಗೆಯಿರಿ. ಎರಡರಲ್ಲೂ ಒಂದೇ ಜಾಗದಲ್ಲಿ ಬೂದು ಚುಕ್ಕೆ ಕಂಡರೆ ಅದು ಸೆನ್ಸರಿನದ್ದೇ. ಮಳೆಗಾಲದಲ್ಲಿ ಚೀಲದೊಳಗೆ ಬಿಡದೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ.

ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವವರು ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಬಿಟ್ಟು ಒಳಗೆ ಜೇಡರ ಬಲೆಯಂತಹ ಎಳೆ ಇದೆಯೇ ನೋಡಬೇಕು. ಅದು ಬೂಷ್ಟು, ಅಂಥದ್ದು ಬೇಡ. ನಾಲ್ಕು ದೂಳಿನ ಕಣ ಇದ್ದರೆ ಪರವಾಗಿಲ್ಲ. ನಿಮ್ಮದೇ ಕ್ಯಾಮೆರಾಕ್ಕೆ ಕೂರಿಸಿ, ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಒಂದು, ಎಫ್ 8ರಲ್ಲಿ ಒಂದು, ಎಫ್ 16ರಲ್ಲಿ ಒಂದು ಫೋಟೊವನ್ನು ಶಟರ್ ಅದಕ್ಕೆ ತಕ್ಕಂತೆ ಬದಲಿಸುತ್ತ ತೆಗೆಯಿರಿ. ಎಕ್ಸ್‌ಪೋಶರ್ ಮೂರರಲ್ಲೂ ಸಮನಾಗಿ ಬರದಿದ್ದರೆ ಒಳಗಿನ ಎಸಳುಗಳು ಎಣ್ಣೆ ಹಿಡಿದು ಅಂಟಿಕೊಳ್ಳುತ್ತಿರಬಹುದು.

ಕಲಿಸುವವರಲ್ಲಿ ನಮ್ಮ ಕೋರಿಕೆ ಇದು. ಮೊದಲ ತಿಂಗಳು ಒಂದೇ ಕ್ಯಾಮೆರಾ, ಒಂದೇ ಕಿಟ್ ಲೆನ್ಸ್, ಒಂದು ನೋಟ್‌ಬುಕ್. ಕಿಟಕಿ ಪಕ್ಕ ಒಂದು ತಾಮ್ರದ ತಂಬಿಗೆ ಇಡಿ. ಒಂದೇ ಬೆಳಕಿಗೆ ಸಮನಾದ ಎಕ್ಸ್‌ಪೋಶರ್ ಬರುವಂತೆ ಆರು ಬೇರೆ ಬೇರೆ ಜೋಡಣೆ ಮಾಡಿ ಆರು ಫೋಟೊ ತೆಗೆಯಲು ಹೇಳಿ. ಪ್ರತಿಯೊಂದರ ಮುಂದೆ ಏನು ಗಳಿಸಿದೆ, ಏನು ಬಿಟ್ಟೆ ಎಂದು ಒಂದು ಸಾಲು ಬರೆಯಲಿ. ಪರೀಕ್ಷೆಯಲ್ಲಿ 'ಅಪರ್ಚರ್ ಎಂದರೇನು?' ಎಂದು ಐದು ಅಂಕದ ಪ್ರಶ್ನೆ ಕೇಳುವ ಬದಲು, ಬೆಳಕಿನಿಂದ ನೆರಳಿಗೆ ಕರೆದೊಯ್ದು ಮೀಟರ್ ನೋಡದೆ ಎಷ್ಟು ಸ್ಟಾಪ್ ಇಳಿಯಿತು ಎಂದು ಹೇಳಿಸಿ. ಒಂದು ಸ್ಟಾಪ್ ಹಿಂದೆ ಮುಂದೆ ಇದ್ದರೆ ಪೂರ್ಣ ಅಂಕ ಕೊಡಿ.

ಕಾಲೇಜುಗಳಲ್ಲಿ ಇನ್ನೊಂದು ಕೋರಿಕೆ. ಪತ್ರಿಕೋದ್ಯಮ, ದೃಶ್ಯಕಲೆ ವಿಭಾಗಗಳು ಒಂದು 35, ಒಂದು 50, ದೂರದ್ದನ್ನು ಹತ್ತಿರ ತೋರಿಸುವ ಒಂದು ಟೆಲಿ ಝೂಮ್ ಕೊಂಡು, ಗ್ರಂಥಾಲಯದ ಪುಸ್ತಕದಂತೆ ಮೂರು ದಿನಕ್ಕೆ ಸಹಿ ಹಾಕಿಸಿ ಎರವಲು ಕೊಡಲಿ. ಕ್ಯಾನನ್, ನಿಕಾನ್, ಸೋನಿ ಲೆನ್ಸುಗಳು ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ ವಿದ್ಯಾರ್ಥಿಗಳಲ್ಲಿ ಹೆಚ್ಚಿಗೆ ಇರುವ ಮೌಂಟ್ (ಲೆನ್ಸ್ ಕೂರುವ ಜಾಗ) ಯಾವುದೆಂದು ಎಣಿಸಿ ಕೊಳ್ಳಬೇಕು.

ಕೊನೆಯದಾಗಿ ಪುರಾತತ್ವ ಇಲಾಖೆಗೆ. ಅಷ್ಟೂರಿನ ಅಹಮದ್ ಶಾಹ್ ವಲಿ ಗುಮ್ಮಟದೊಳಗಿನ ಬಣ್ಣದ ಚಿತ್ತಾರವನ್ನು ಕತ್ತಲಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಸರಿಯಾಗಿ ತೆಗೆಯಲಾಗುವುದಿಲ್ಲ. ಫ್ಲ್ಯಾಶ್ ಅಲ್ಲಿ ಬಳಸಲೇಬಾರದು. ಟ್ರೈಪಾಡ್ ಮೇಲೆ ಐಎಸ್‌ಒ 100, ಎಫ್ 8, ಕೆಲವು ಸೆಕೆಂಡಿನ ಎಕ್ಸ್‌ಪೋಶರ್ ಕೊಟ್ಟರೆ ಆ ಬಣ್ಣಗಳು ಗೋಡೆಗೆ ಯಾವ ತೊಂದರೆಯೂ ಇಲ್ಲದೆ ಪೂರ್ತಿ ಬರುತ್ತವೆ. ಟ್ರೈಪಾಡ್‌ಗೆ ಅನುಮತಿ ಪಡೆಯಬೇಕು ಎಂಬ ನಿಯಮ ಸರಿಯಾದದ್ದೇ. ಕಾಲೇಜಿನ ಪತ್ರ ತಂದ ವಿದ್ಯಾರ್ಥಿಗಳ ತಂಡಕ್ಕೆ ಆ ಅನುಮತಿಯನ್ನು ಬೀದರ್, ಕಲಬುರಗಿಯಲ್ಲೇ, ವಾರದ ಒಂದು ಗೊತ್ತಾದ ಬೆಳಿಗ್ಗೆ, ಸಿಬ್ಬಂದಿಯ ಎದುರೇ ತೆಗೆಯುವ ಷರತ್ತಿನ ಮೇಲೆ ಕೊಡುವ ವ್ಯವಸ್ಥೆ ಮಾಡಿದರೆ ಈ ಭಾಗದ ಮಕ್ಕಳು ತಮ್ಮ ಊರಿನ ಚಿತ್ರಗಳನ್ನು ತಾವೇ ತೆಗೆಯುತ್ತಾರೆ.

ಇಂತಿ,
ಛಾಯಾಗ್ರಹಣ ಕಲಿಸುವ ಕೆಲವರು
ಕಲಬುರಗಿ